ಕಾರು ನಿಂತಲ್ಲಿ ಸಿಕ್ಕಿದ ಬಂಗಾರ

ಓವನ್ನಿನಲ್ಲಿ ಮರಳು ಬೇಯಿಸುವ ಮನುಷ್ಯನನ್ನು ನೀವು ಕಂಡಿರಲಾರಿರಿ. ನಾನು ಕಂಡಿದ್ದೇನೆ. ಅವರು ನನ್ನ ಸ್ವಂತ ಅಕ್ಕನ ಗಂಡ. 2016ರ ಚಳಿಗಾಲ, ಕೆನಡಾದಲ್ಲಿ. ಓಕ್‌ವಿಲ್‌ನ ಕಾರು ಕಾರ್ಖಾನೆಯಲ್ಲಿ ಬೆಳಗಿನ ಶಿಫ್ಟು ಮುಗಿಸಿ, ಹೊಟ್ಟೆ ಹಸಿದು, ಮಿಸ್ಸಿಸಾಗಾದ ಸ್ಟ್ರೀಟ್ಸ್‌ವಿಲ್‌ನಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲು ತೆಗೆದರೆ ಸಾರಿನ ಒಗ್ಗರಣೆಯ ಬದಲು ಕಾದ ಕಲ್ಲಿನ ವಾಸನೆ. ಡ್ರೈವ್‌ವೇಯ ಮಂಜುಗಡ್ಡೆಯ ಮೇಲೆ ಹಾಕಲೆಂದು ತಂದಿಟ್ಟಿದ್ದ ಮರಳನ್ನು ಭಾವ ಕೇಕಿನ ತಟ್ಟೆಯಲ್ಲಿ ಹರಡಿ ಒಳಗಿಟ್ಟಿದ್ದರು.

"ಅನ್ನ ಬೇಯಿಸೋ ಮನ್ಯಾಗ ಮಣ್ಣು ಬೇಯಿಸಾಕತ್ತಾರ ನೋಡೋ ತಮ್ಮಾ. ಇವರ ತಲೀ ನೆಟ್ಟಗೈತೇನು ಕೇಳು," ಎಂದಳು ಅಕ್ಕ.

"ಮಣ್ಣಲ್ಲ, ಉಸುಕು. ಪೂರಾ ಒಣಗಲಿಲ್ಲಂದ್ರ ಮಷೀನಿನಾಗ ಹರಿಯೂದಿಲ್ಲ," ಎಂದರು ಭಾವ, ಬಹಳ ಶಾಂತವಾಗಿ. ಆ ಶಾಂತಿಯೇ ಅಕ್ಕನಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಅವರ ಮಗಳು ಫೋನಿನಿಂದ ತಲೆ ಎತ್ತದೆ, "ಡ್ಯಾಡ್, ದಿಸ್ ಈಸ್ ಸೋ ನಾಟ್ ನಾರ್ಮಲ್," ಎಂದಳು. ನನಗೂ ಹಾಗೇ ಅನಿಸಿತ್ತು. ಮಷೀನು ಎಂದರೆ ಭಾವನವರೇ ಪ್ಲೈವುಡ್ಡಿನಿಂದ ಮಾಡಿದ ಒಂದು ಓರೆ ಪೆಟ್ಟಿಗೆ. ಕೆಳಗಿನಿಂದ ಗಾಳಿ ಊದುತ್ತಿರಬೇಕು, ಮೇಲಿನಿಂದ ಒಣ ಮಣ್ಣು ಸುರಿಯುತ್ತಿರಬೇಕು. ಹಗುರವಾದದ್ದು ಹಾರಿಹೋಗುತ್ತದೆ, ಭಾರವಾದದ್ದು ಅಡ್ಡಪಟ್ಟಿಗಳ ಹಿಂದೆ ಉಳಿಯುತ್ತದೆ. ನೀರಿಲ್ಲದ ನಾಡಿನಲ್ಲಿ ಬಂಗಾರ ಹುಡುಕುವವರ ಮೊರ ಅದು.

ಭಾವ ಹುಟ್ಟಿ ಬೆಳೆದದ್ದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ. ಬಂಗಾರದ ಗಣಿಯ ಊರು. ಕೆನಡಾಕ್ಕೆ ಬರುವ ಮುಂಚೆ ಅವರು ಗಣಿಯ ನಕಾಶೆ ಬರೆಯುವ ಕೆಲಸದಲ್ಲಿದ್ದರು. ಭೂಮಿಯ ಒಳಗೆ ಬಂಗಾರದ ಪದರು ಎಲ್ಲಿ ತಿರುಗುತ್ತದೆ, ಎಲ್ಲಿ ಸಣ್ಣಗಾಗುತ್ತದೆ ಎಂದು ಟೇಬಲ್ಲಿನ ಮೇಲೆ ಬಗ್ಗಿ ಗೆರೆ ಎಳೆದವರು. ಆ ಗೆರೆ ನೋಡಿ ಅಗೆದವರು ಬೇರೆ, ಕರಗಿಸಿದವರು ಬೇರೆ. ಇಲ್ಲಿ ಮಿಸ್ಸಿಸಾಗಾಕ್ಕೆ ಬಂದ ಮೇಲೆ ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ಚರಂಡಿ ಮತ್ತು ಮಳೆನೀರಿನ ಕೊಳವೆಗಳ ನಕಾಶೆ ಬರೆಯುತ್ತಿದ್ದರು. ಅವರಿಗೆ ಬೇಕಾಗಿದ್ದು ಒಂದೇ: ಜೀವಮಾನದಲ್ಲಿ ಒಮ್ಮೆ, ತಾವೇ ಗುರುತು ಹಾಕಿದ ಜಾಗದಲ್ಲಿ, ತಮ್ಮ ಕೈಯಿಂದ ಒಂದು ಕಾಳು ಬಂಗಾರ ಎತ್ತಬೇಕು. ಅದನ್ನು ಮಾರುವ, ಒಡವೆ ಮಾಡಿಸುವ ಆಸೆ ಅವರಿಗಿರಲಿಲ್ಲ. "ನನ್ನ ಗೆರಿ ಖರೇ ಇತ್ತೋ ಇಲ್ಲೋ ಒಮ್ಮಿ ಕಣ್ಣಿಂದ ನೋಡಬೇಕಪಾ," ಎನ್ನುತ್ತಿದ್ದರು. ಅಷ್ಟು ಸಣ್ಣ ಆಸೆ ಅದು, ಮತ್ತು ಅಷ್ಟು ಸಣ್ಣದಾದ್ದರಿಂದಲೇ ನಾವು ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಅರಿಜೋನಾದ ಮರುಭೂಮಿಯನ್ನು ಅವರು ಆರಿಸಿಕೊಂಡದ್ದು 2015ರಲ್ಲಿ. ಅಲ್ಲಿಂದ ಮುಂದೆ ಅವರ ಬೇಸ್‌ಮೆಂಟಿನ ಗೋಡೆಯೆಲ್ಲ ಕಂದು ಬಣ್ಣದ ನಕಾಶೆಗಳು. ಹೊರಗೆ ಹಿಮ ಸುರಿಯುತ್ತಿದ್ದರೆ ಒಳಗೆ ಭಾವ ಕಂಪ್ಯೂಟರಿನಲ್ಲಿ ಮರುಭೂಮಿಯ ಮೇಲೆ ಹಕ್ಕಿಯ ಹಾಗೆ ಸುತ್ತುತ್ತಿದ್ದರು. ಶನಿವಾರ ನಾನು ಚಹಾ ಕುಡಿಯಲು ಹೋದರೆ ಪಾಠ ಶುರು. ನನಗೆ ಬೇಡವಾಗಿದ್ದರೂ ಎಷ್ಟೋ ವಿಷಯ ತಲೆಯಲ್ಲಿ ಕೂತುಬಿಟ್ಟಿದೆ.

ಬಂಗಾರ ಹುಡುಕುವವನು ಮೊದಲು ಹುಡುಕಬೇಕಾದದ್ದು ಹಿಂದೆ ಯಾರು ಎಲ್ಲಿ ಅಗೆದಿದ್ದರು ಎಂಬುದನ್ನು. ಯಾರೂ ಏನೂ ಕಾಣದ ಗುಡ್ಡದಲ್ಲಿ ಹೊಸದಾಗಿ ಹುಟ್ಟುವುದಿಲ್ಲ ಅದು. ಹಳೆಯ ಗುಂಡಿಗಳು ಚಿತ್ರದಲ್ಲಿ ಸಿಡುಬಿನ ಕಲೆಯಂತೆ ಕಾಣುತ್ತವೆ. ಆಮೇಲೆ ಕಲ್ಲಿನ ಬಣ್ಣ ಬದಲಾಗುವ ಅಂಚು ನೋಡಬೇಕು. ಕೆಂಪು ತುಕ್ಕು ಹಿಡಿದ ಬಿಳಿಗಲ್ಲು ಇದೆಯೇ ನೋಡಬೇಕು. ಮರುಭೂಮಿಯಲ್ಲಿ ಮಳೆ ಅಪರೂಪ. ಬಂದರೆ ಮಾತ್ರ ಹಳ್ಳವೆಲ್ಲ ಹುಚ್ಚೆದ್ದು ಹರಿದು, ಸಿಕ್ಕಿದ್ದನ್ನು ಎಳೆದುಕೊಂಡು ಹೋಗಿ, ಎಲ್ಲಿ ಸುಸ್ತಾಯಿತೋ ಅಲ್ಲಿ ಭಾರವಾದದ್ದನ್ನು ಇಳಿಸಿ ಮುಂದೆ ಹೋಗುತ್ತದೆ. ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಹಿಂದೆ, ಇಂಥ ಕಡೆ. ಇದಿಷ್ಟು ಎಲ್ಲರಿಗೂ ಗೊತ್ತು, ಅದಕ್ಕೇ ಹಳ್ಳದ ತಳವನ್ನೆಲ್ಲ ಹಳಬರು ಗೋರಿ ಬಿಟ್ಟಿದ್ದಾರೆ ಎಂಬುದು ಭಾವನವರ ವಾದ.

"ಈಗಿನ ಹಳ್ಳಾ ನೋಡಬ್ಯಾಡ. ಹಳೇ ಹಳ್ಳಾ ಎಲ್ಲಿತ್ತು ನೋಡು," ಎಂದು ಪೆನ್ಸಿಲಿನ ತುದಿಯಿಂದ ಕುಟ್ಟುತ್ತಿದ್ದರು. ಸಾವಿರಾರು ವರ್ಷದ ಹಿಂದೆ ನೀರು ಎತ್ತರದಲ್ಲಿ ಹರಿಯುತ್ತಿತ್ತು. ನೆಲ ಕೊರೆದು ಕೆಳಗಿಳಿದ ಮೇಲೆ ಹಳೆಯ ದಾರಿ ಗುಡ್ಡದ ಹೆಗಲ ಮೇಲೆ ಒಂದು ಜಗಲಿಯಾಗಿ ಉಳಿದಿರುತ್ತದೆ. ಅಂಥ ಜಗಲಿಯ ಕೆಳಗೆ ಗಾರೆ ನೆಲದಷ್ಟು ಗಟ್ಟಿಯಾದ ಸುಣ್ಣದ ಪದರು ಇದ್ದರೆ, ಬಂಗಾರ ಅದನ್ನು ದಾಟಿ ಇಳಿಯಲಾರದೆ ಅದರ ಮೇಲೇ ಕೂತಿರುತ್ತದೆ. ದಾರಿಯಿಂದ ದೂರ ಇರಬೇಕು, ಹತ್ತಲು ಕಷ್ಟವಿರಬೇಕು, ಸೋಮಾರಿಗಳು ಹೋಗಿರಬಾರದು. ಹೀಗೆ ಜರಡಿ ಹಿಡಿದು ಹಿಡಿದು ಕೊನೆಗೆ ಒಂದು ಜಾಗ ಗೊತ್ತುಮಾಡಿದರು. ಒಂದು ಒಣಹಳ್ಳದ ಮೇಲಿನ ದಿಬ್ಬ. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಬಾಗಿದ ಗೆರೆ. ಅದು ಸರಕಾರದ ತೆರೆದ ಜಾಗ, ಯಾರೂ ಗೂಟ ಹೊಡೆದು ತಮ್ಮದೆಂದು ಹೇಳಿಕೊಂಡಿಲ್ಲ ಎಂಬುದನ್ನೂ ವಿಚಾರಿಸಿಕೊಂಡಿದ್ದರು. ಅಲ್ಲಿ ಗೂಟ ಹೊಡೆಯುವ ಹಕ್ಕು ನಮ್ಮಂಥ ಪರದೇಶದವರಿಗಿಲ್ಲ. ಹೋಗಿ ಕೈಯಿಂದ ಒಂದಿಷ್ಟು ಹುಡುಕಿ ಬರಬಹುದು, ಅಷ್ಟೇ.

2017ರ ಫೆಬ್ರವರಿಯಲ್ಲಿ ಹೊರಟೆವು, ಭಾವ, ಅಕ್ಕ, ನಾನು. ಮಗಳು ಪರೀಕ್ಷೆಯ ನೆಪ ಹೇಳಿ ಉಳಿದಳು. ಫೀನಿಕ್ಸಿನಲ್ಲಿ ಇಳಿದು ಬಾಡಿಗೆ ಗಾಡಿ ಹಿಡಿದದ್ದೇ ತಡ, ಅಕ್ಕ ಇಂಡಿಯನ್ ಅಂಗಡಿ ಹುಡುಕಿ ತೆಂಗಿನಕಾಯಿ ಕೊಂಡಳು. ಭೂಮಿಗೆ ಪೂಜೆ ಮಾಡದೆ ಗುದ್ದಲಿ ಹಾಕಲು ಬಿಡುವುದಿಲ್ಲ ಎಂದು ಸ್ಟ್ರೀಟ್ಸ್‌ವಿಲ್‌ನಿಂದಲೇ ಹಟ ಹಿಡಿದಿದ್ದಳು. ಹಳ್ಳದ ದಂಡೆಗೆ ತಲುಪುವಾಗ ಹೊತ್ತು ಇಳಿಯುತ್ತಿತ್ತು. ದಿಬ್ಬ ನಾನು ನಕಾಶೆಯಲ್ಲಿ ಅಂದುಕೊಂಡಿದ್ದಕ್ಕಿಂತ ಕಡಿದಾಗಿತ್ತು. ಅಕ್ಕನ ಮೊಣಕಾಲು ಏಳು ಮೆಟ್ಟಿಲಿಗೇ ಕೂಗುವಂಥದ್ದು. "ನಾ ಅಲ್ಲಿಗೆ ಹತ್ತಾಕ ಆಗೂದಿಲ್ರೀ. ಭೂಮಿತಾಯಿ ಎಲ್ಲಾಕಡೆ ಒಬ್ಬಾಕೀನ," ಎಂದು ಗಾಡಿ ನಿಂತಲ್ಲೇ, ಒಂದು ಮುಳ್ಳುಮರದ ಬುಡದಲ್ಲಿ, ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದಳು. ಕಾಯಿನೀರನ್ನು ಒಣ ನೆಲ ಗಟಗಟ ಕುಡಿಯಿತು. ಭಾವ ಕೈಮುಗಿದರು, ನಾನು ಹೋಳು ತಿಂದೆ. ಆಮೇಲೆ ಹತ್ತಿರದ ಊರಿನ ಮೋಟೆಲಿನಲ್ಲಿ ಹೋಗಿ ಮಲಗಿದೆವು.

ಮರುದಿನ ಬೆಳಿಗ್ಗೆ ಸಾಮಾನು ಹೊತ್ತು ದಿಬ್ಬ ಹತ್ತುವ ಮೊದಲು ಭಾವ ಲೋಹ ಪತ್ತೆ ಹಚ್ಚುವ ಡಿಟೆಕ್ಟರನ್ನು ಹದ ಮಾಡಿಕೊಳ್ಳಲೆಂದು ಗಾಡಿಯ ಪಕ್ಕದಲ್ಲಿ ಒಮ್ಮೆ ಆಡಿಸಿದರು. ಅದು ಕೂಗಿತು. ಬಾಟಲಿಯ ಮುಚ್ಚಳವಿರಬೇಕು ಎಂದು ನಾನು ನಕ್ಕೆ. ಅವರು ಪೂಜೆಯ ಕಲ್ಲು ಸರಿಸಿ, ಅರಿಷಿಣ ಹತ್ತಿದ ಮಣ್ಣನ್ನು ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರಡಿ, ಊದಿದರು. ಮಡಿಚಿದ, ಮುದ್ದೆಯಾದ, ಗೋದಿಯ ತೌಡಿನಷ್ಟು ಸಣ್ಣ ಚೂರೊಂದು ಹಳದಿಯಾಗಿ ಉಳಿಯಿತು.

ಆ ಮನುಷ್ಯ ಅತ್ತುಬಿಟ್ಟರು. ಜೀವನದಲ್ಲಿ ಒಮ್ಮೆಯೂ ದನಿ ಎತ್ತದವರು, ತಮ್ಮ ಅಪ್ಪ ತೀರಿಕೊಂಡಾಗಲೂ ಎಲ್ಲರೆದುರು ಕಣ್ಣೀರು ಹಾಕದವರು, ಕಾರಿನ ಬಾನೆಟ್ಟಿಗೆ ಒರಗಿ ಅತ್ತರು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. "ಅಕ್ಕಾ, ನಿನ್ನ ಪೂಜಿಗೆ ಭೂಮಿತಾಯಿ ಒಂದ ರಾತ್ರ್ಯಾಗ ಒಲದಳು ನೋಡು," ಎಂದು ಕೂಗಿದೆ. ಅಕ್ಕ ಸೆರಗಿಲ್ಲದ ಸ್ವೆಟರಿನ ತುದಿ ಹಿಡಿದುಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದಳು. ಸಂತೋಷಕ್ಕೆ ಮಾತು ನಿಂತಿದೆ ಎಂದುಕೊಂಡೆ.

ಮೇಲೆಯೇ ಇಂಥದ್ದು ಸಿಕ್ಕರೆ ಕೆಳಗೆ ಇನ್ನೆಷ್ಟಿರಬೇಕು? ಭಾವ ಹಾಗೆ ಯೋಚಿಸಿದರು, ಯಾರಾದರೂ ಹಾಗೇ ಯೋಚಿಸುತ್ತಿದ್ದರು. ದಿಬ್ಬಕ್ಕೆ ನಾಳೆ ಹೋದರಾಯಿತು ಎಂದು ಗಾಡಿಯ ಸುತ್ತಲೇ ಅಗೆದೆವು. ನಾಳೆಯೂ ಅಲ್ಲೇ ಅಗೆದೆವು. ರಜೆಯೆಲ್ಲ ಹಾಗೇ ಮುಗಿಯಿತು. ನನಗಂತೂ ಹೊರೆ ಹೊತ್ತು ಹತ್ತುವುದು ತಪ್ಪಿದ್ದೇ ಹಬ್ಬವಾಗಿತ್ತು. ಮತ್ತೊಂದು ಚೂರು ಸಿಗಲಿಲ್ಲ, ಆದರೂ ಬರುವಾಗ ವಿಮಾನದಲ್ಲಿ ಭಾವ ಕಿಟಕಿಯ ಹೊರಗೆ ನೋಡಿ ನಗುತ್ತಲೇ ಇದ್ದರು. ಕೆಂಪು ಗೆರೆಯ ದಿಬ್ಬದ ಮೇಲೆ ನಮ್ಮಲ್ಲಿ ಒಬ್ಬರೂ ಕಾಲಿಟ್ಟಿರಲಿಲ್ಲ.

ಆ ಚೂರು ನೀರು ತುಂಬಿದ ಸಣ್ಣ ಗಾಜಿನ ಸೀಸೆಯಲ್ಲಿ ಸೇರಿತು. ಕನ್ನಡದವರ ಯುಗಾದಿ ಊಟವಿರಲಿ, ಯಾರದೋ ಬೇಸ್‌ಮೆಂಟಿನ ಸತ್ಯನಾರಾಯಣ ಪೂಜೆಯಿರಲಿ, ಸೀಸೆ ಅವರ ಜೇಬಿನಲ್ಲಿ. ಮಂಗಳೂರಿನ ಕಡೆಯವರು ಒಬ್ಬರು ಅದನ್ನು ಬೆಳಕಿಗೆ ಹಿಡಿದು, "ಎಂತ ಮಾರಾಯ್ರೆ, ಇದು ನಿಮ್ಮ ಮೂಗುಬೊಟ್ಟಿಗೂ ಸಾಲುದಿಲ್ಲ!" ಎಂದು ಕಾಡಿಸಿದರು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಈಗ ನೆನೆದರೆ, ಸೀಸೆ ಹೊರಬಂದಾಗಲೆಲ್ಲ ಅವಳು ಎದ್ದು ಹೋಗುತ್ತಿದ್ದಳು.

ಕೆಡುಕಾದದ್ದು ಬೇಸ್‌ಮೆಂಟಿನಲ್ಲಿ. ಎರಡು ವರ್ಷ ಕೂತು ಕಟ್ಟಿದ ಲೆಕ್ಕವನ್ನು ಭಾವ ಒಂದೊಂದಾಗಿ ಅಳಿಸತೊಡಗಿದರು. ಬಂಗಾರ ದಿಬ್ಬದಲ್ಲಿ ಇರಬೇಕು ಎಂದು ತಾವು ಬರೆದದ್ದು, ಅದು ಸಿಕ್ಕಿದ್ದು ಹಳ್ಳದಲ್ಲಿ. ಹಾಗಾದರೆ ಜಗಲಿಯ ವಿಚಾರವೇ ತಪ್ಪು, ಸುಣ್ಣದ ಪದರಿನ ವಿಚಾರವೂ ತಪ್ಪು. ಗೋಡೆಯ ಮೇಲಿನ ಗುರುತುಗಳೆಲ್ಲ ಗುಡ್ಡದ ಹೆಗಲು ಬಿಟ್ಟು ಹಳ್ಳದ ತಳಕ್ಕೆ ಇಳಿದವು. ಮರುವರ್ಷ ಆ ಹೊಸ ಗುರುತು ಹಿಡಿದು ಹೋದೆವು. ತಗ್ಗಿನಲ್ಲೆಲ್ಲ ಅಗೆದೆವು. ಬಂದೂಕಿನ ಗುಂಡಿನ ಸಿಪ್ಪೆಗಳು, ಬಿಯರ್ ಡಬ್ಬಿಯ ಕಿವಿಗಳು, ಯಾರದೋ ಪ್ಯಾಂಟಿನ ಗುಂಡಿ. ಅಷ್ಟೇ ಸಿಕ್ಕಿದ್ದು.

ವಾಪಸು ಬಂದ ಮೇಲೆ ಭಾವ ನಕಾಶೆಗಳನ್ನು ಸುರುಳಿ ಸುತ್ತಿ, ಮನೆ ಬೆಚ್ಚಗಿಡುವ ಫರ್ನೇಸಿನ ಹಿಂದೆ ನಿಲ್ಲಿಸಿದರು. "ಮೊದಲಿನ ಲೆಕ್ಕಾನೂ ತಪ್ಪು, ಎರಡನೇದೂ ತಪ್ಪು. ಹಟ್ಟ್ಯಾಗ ಬರದದ್ದು ಏನೇನು ತಪ್ಪಿತ್ತೋ ಯಾರಿಗ್ಗೊತ್ತು," ಎಂದರು ಒಮ್ಮೆ. ನಾನು ಅದನ್ನು ತಮಾಷೆ ಎಂದುಕೊಂಡೆ. ಆಮೇಲೆ ಅಕ್ಕ ಹೇಳಿದಳು, ಆಫೀಸಿನಲ್ಲೂ ಅವರು ತಾವು ಬರೆದ ಚರಂಡಿಯ ನಕಾಶೆಯನ್ನು ಪಕ್ಕದ ಹುಡುಗಿಗೆ ತೋರಿಸಿ, ಸರಿಯಿದೆಯೇ ಎಂದು ಕೇಳಿಯೇ ಮುಂದೆ ಕಳಿಸುತ್ತಾರಂತೆ. ತಮ್ಮ ಕಣ್ಣನ್ನು ತಾವೇ ನಂಬದ ಹಾಗೆ ಆಗಿದ್ದರು. ಬಂಗಾರ ಸಿಕ್ಕಿದ್ದರಿಂದ ಮನುಷ್ಯ ಬಡವನಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

2019ರ ಬೇಸಗೆಯಲ್ಲಿ ಒಂದು ಭಾನುವಾರ ನಾವು ಮೂವರೂ ಪೋರ್ಟ್ ಕ್ರೆಡಿಟ್‌ನ ಸರೋವರದ ದಂಡೆಯಲ್ಲಿ ನಡೆದು, ಬೆಂಚಿನ ಮೇಲೆ ಕೂತು, ಅಕ್ಕ ಕಟ್ಟಿ ತಂದಿದ್ದ ಚುರುಮುರಿ ತಿನ್ನುತ್ತಿದ್ದೆವು. ದೋಣಿಗಳು, ಐಸ್‌ಕ್ರೀಮಿನ ಸಾಲು, ಒಳ್ಳೆಯ ಗಾಳಿ. ಭಾವ ಜೇಬಿನಿಂದ ಸೀಸೆ ತೆಗೆದು, "ಇದನ್ನ ಈ ಕೆರಿಯಾಗ ಒಗದುಬಿಡ್ತೀನಿ. ನನ್ನ ಬುದ್ಧೀದಲ್ಲ ಇದು, ಬರೇ ದೈವ," ಎಂದರು.

"ದೈವದ್ದೂ ಅಲ್ಲ, ನಂದು," ಎಂದಳು ಅಕ್ಕ.

ನಾವಿಬ್ಬರೂ ಅವಳ ಕಡೆ ತಿರುಗಿದೆವು.

"ನನ್ನ ತಾಳಿಸರದ ಗುಂಡ್ರೀ ಅದು. ಸರಾ ಹೊಸದಾಗಿ ಪೋಣಿಸಿದಾಗ ಒಂದು ಉಳದಿತ್ತು. ಮನಿ ಕಟ್ಟುವಾಗ ಪಾಯಾದಾಗ ಚೂರು ಬಂಗಾರ ಇಡೂದಿಲ್ಲೇನು, ಹಂಗ ಇಟ್ಟೆ. ಭೂಮಿಯಿಂದ ಕೇಳೂ ಮೊದಲ ನಮ್ಮ ಕಡಿಂದ ಅಷ್ಟು ಇರಲಿ ಅಂತ. ಮೈಮ್ಯಾಲಿನದು ಹಂಗ ಇಡಬಾರದಂತ ಕುಟ್ಟಾಣ್ಯಾಗ ಕುಟ್ಟಿದ್ದೆ. ನೀವು ನಗತೀರಂತ ಹೇಳಲಿಲ್ಲ." ಅವಳು ಚುರುಮುರಿಯ ಪೊಟ್ಟಣ ಮಡಿಚಿ ಪಕ್ಕಕ್ಕಿಟ್ಟಳು. "ಮರುದಿನಾ ಹೇಳಬೇಕಂದೆ. ನೀವು ಅಳಾಕತ್ತಿದ್ರಿ. ಆ ಮುಖಾ ನೋಡಿ ಹೆಂಗ ಹೇಳಲಿ?"

ಅವಳು ಅದನ್ನು ಇಡಬೇಕೆಂದಿದ್ದದ್ದು ದಿಬ್ಬದ ಮೇಲೆ. ಮೊಣಕಾಲು ಒಪ್ಪಲಿಲ್ಲ, ಅಷ್ಟೇ. ದೇವರ ಹೆಸರಿನಲ್ಲಿ ಇಟ್ಟದ್ದನ್ನು ಮರುದಿನವೇ ನಾವು ಅಗೆದು ತೆಗೆದು, ಅದನ್ನೇ ಕಂಡುಹಿಡಿದೆವೆಂದು ಊರೆಲ್ಲ ತೋರಿಸಿಕೊಂಡು ತಿರುಗಿದ್ದೆವು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಭಾವ ಸಿಟ್ಟಾಗಲಿಲ್ಲ. ಸೀಸೆಯನ್ನು ಅಕ್ಕನ ಕೈಯಲ್ಲಿಟ್ಟರು. ಆಮೇಲೆ ನನ್ನ ತೊಡೆಗೆ ಒಂದು ಏಟು ಕೊಟ್ಟು, "ಅಂದ್ರ ದಿಬ್ಬಾ ನಾವು ನೋಡೇ ಇಲ್ಲಲೇ!" ಎಂದರು. ಎಷ್ಟೋ ತಿಂಗಳ ಮೇಲೆ ಅವರು ನಗುವುದನ್ನು ಕಂಡೆ. ಅಂದು ಸಂಜೆಯೇ ಫರ್ನೇಸಿನ ಹಿಂದಿನ ಸುರುಳಿ ಬಿಚ್ಚಿತು. ಅಕ್ಕ ತಾನೇ ಓವನ್ನಿನ ತಟ್ಟೆ ತಂದುಕೊಟ್ಟಳು ಎಂದರೆ ನೀವು ನಂಬಲಾರಿರಿ.

ಅಕ್ಟೋಬರ್‌ನಲ್ಲಿ ಹೋದೆವು. ಹಿಂದೆ ವಿಚಾರಿಸಿಕೊಂಡಿದ್ದ ಜಾಗವಲ್ಲವೇ ಎಂದು ಈ ಸಲ ಮತ್ತೆ ವಿಚಾರಿಸುವುದನ್ನು ಆತುರದಲ್ಲಿ ಎಲ್ಲರೂ ಮರೆತೆವು. ಅಕ್ಕನನ್ನು ಗಾಡಿಯ ನೆರಳಿನಲ್ಲಿ ಕೂರಿಸಿ ಭಾವ ಮುಂದೆ, ನಾನು ಹಿಂದೆ ಹತ್ತಿದೆವು. ನಾನು ಏದುಸಿರು ಬಿಡುತ್ತಿದ್ದರೆ ಅವರು ಎಳೆಯರ ಹಾಗೆ ಹತ್ತುತ್ತಿದ್ದರು. ಮೇಲೆ ತಲುಪಿದ ಕೂಡಲೇ ನಿಂತುಬಿಟ್ಟರು.

ಬಿಳಿಯ ಗೂಟಗಳು. ದಿಬ್ಬದ ಆ ತುದಿಯಿಂದ ಈ ತುದಿಗೆ ಯಾರೋ ಗಡಿ ಹಾಕಿದ್ದರು. ನಡುವೆ ಗುಂಡಿಗಳು, ಪಕ್ಕದಲ್ಲಿ ಜರಡಿ ಹಿಡಿದ ಮಣ್ಣಿನ ಗುಡ್ಡೆಗಳು, ನಮ್ಮದಕ್ಕಿಂತ ದೊಡ್ಡದೊಂದು ಗಾಳಿ ಪೆಟ್ಟಿಗೆ. ಒಬ್ಬ ಹೆಂಗಸು ಟೋಪಿ ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಕೈಯಾಡಿಸಿ ಹತ್ತಿರ ಬಂದಳು, ಒಳ್ಳೆಯವಳು. ಹೋದ ಚಳಿಗಾಲದಲ್ಲಿ ತಾನೂ ಗಂಡನೂ ಈ ಜಾಗ ಹಿಡಿದೆವು, ದೇವರು ಕೈಬಿಟ್ಟಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಿದಳು. ಭಾವ ನಕಾಶೆ ಬಿಚ್ಚಿ ಹಿಡಿದರು.

ಅವಳು ಒಮ್ಮೆ ಕೆಂಪು ಗೆರೆ ನೋಡಿದಳು, ಒಮ್ಮೆ ಗುಂಡಿಗಳ ಸಾಲು ನೋಡಿದಳು. ಸಾಲು ಗೆರೆಯ ಮೇಲೆ ಗೆರೆ ಎಳೆದಂತೆ ಬಾಗಿತ್ತು. ಗುಂಡಿಗಳ ತಳದಲ್ಲಿ ಬಿಳಿಯ ಗಟ್ಟಿ ಪದರು ಬಿಸಿಲಿಗೆ ಹೊಳೆಯುತ್ತಿತ್ತು. "ಯೂ ಹ್ಯಾಡ್ ಇಟ್," ಎಂದಳು. "ಯೂ ಹ್ಯಾಡ್ ಇಟ್ ಎಕ್ಸಾಕ್ಟ್ಲಿ ರೈಟ್." ಬೇಕಾದರೆ ಒಂದು ಬಕೆಟು ಮಣ್ಣು ಜರಡಿ ಹಿಡಿದು ನೋಡಿ ಎಂದೂ ಕರೆದಳು. ನಾನು ಹೂಂ ಎನ್ನುವಷ್ಟರಲ್ಲಿ ಭಾವ ಥ್ಯಾಂಕ್ಯೂ, ಬೇಡ ಎಂದರು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ಬಕೆಟು! ಆದರೆ ಇನ್ನೊಬ್ಬರು ಅಗೆದಿಟ್ಟ ಮಣ್ಣಿನಿಂದ ಎತ್ತುವುದು ಅವರು ಇಷ್ಟು ವರ್ಷ ಬಯಸಿದ್ದಲ್ಲ.

ಅವಳ ಒಪ್ಪಿಗೆ ಕೇಳಿ ಗುಂಡಿಗಳ ಉದ್ದಕ್ಕೂ ಒಮ್ಮೆ ನಡೆದರು. ಎಲ್ಲೂ ಬಗ್ಗಲಿಲ್ಲ, ಏನನ್ನೂ ಮುಟ್ಟಲಿಲ್ಲ. ವಾಪಸು ಬಂದು ಗಡಿಯ ಗೂಟದ ಪಕ್ಕ ಒಂದು ಕಲ್ಲಿನ ಮೇಲೆ ಕೂತು, ಶೂ ಎರಡನ್ನೂ ಬಿಚ್ಚಿ, ಒಂದಕ್ಕೊಂದು ಬಡಿದು, ಧೂಳನ್ನೆಲ್ಲ ಗೂಟದ ಒಳಮಗ್ಗುಲಿಗೆ ಕೊಡವಿದರು. ಹಟ್ಟಿಯಲ್ಲಿ ಕೆಲಸ ಮುಗಿಸಿ ಗೇಟು ದಾಟುವಾಗ, ಗಣಿಯ ಬಂಗಾರದ ಧೂಳು ಕೂಡ ಹೊರಗೆ ಹೋಗಬಾರದೆಂದು, ಹಾಗೆ ಕೊಡವಿ ಬರುವುದು ಅವರಿಗೆ ರೂಢಿಯಾಗಿತ್ತಂತೆ.

ಅಕ್ಕ ದೂರದಿಂದಲೇ ಎದ್ದು ನಿಂತಿದ್ದಳು. "ಇತ್ತೇನ್ರೀ?" ಎಂದು ಕೂಗಿದಳು.

"ಇತ್ತು," ಎಂದರು ಭಾವ. "ನಾ ಹೇಳಿದಲ್ಲೇ ಇತ್ತು."

ಅಕ್ಕನ ಮುಖ ಅರಳಿತು. ಅವಳಿಗೆ ಅರ್ಥವಾದದ್ದು ಅಷ್ಟೇ. ಕುಂಟುತ್ತಲೇ ನಾಲ್ಕು ಹೆಜ್ಜೆ ಮುಂದೆ ಬಂದು, "ಎಲ್ಲಿ, ತೋರಸ್ರಿ," ಎಂದು ಅಂಗೈ ಚಾಚಿದಳು. ಭಾವನವರ ಬಳಿ ತೋರಿಸಲು ಏನೂ ಇರಲಿಲ್ಲ. ಶೂಗಳನ್ನೂ ಮೇಲೆಯೇ ಕೊಡವಿ ಬಂದಿದ್ದರು.